ಓದಿ ಹೇಳಲಾಗದ ಕೀಲಿಕೈ

ಕಳೆದ ಮಂಗಳವಾರ ಬೆಳಗ್ಗೆ ಏಳೂವರೆಯ ಹೊತ್ತಿಗೆ ಸ್ಪೀಡಣ್ಣ ತೀರಿಕೊಂಡ. ಐವತ್ತೊಂಬತ್ತು ವರ್ಷ. ಕುರ್ಚಿಯಲ್ಲಿ ಕೂತಿದ್ದಂತೆಯೇ ಹೃದಯ ನಿಂತಿತು. ಡಾಕ್ಟರು ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಅವನ ನಿಜವಾದ ಹೆಸರನ್ನು ಬಳಸುತ್ತಿದ್ದವರು ತಾಯಿ ಒಬ್ಬರೇ, ಅದೂ ಸಿಟ್ಟು ಬಂದಾಗ. ಉಳಿದವರಿಗೆಲ್ಲ ಅವನು ಸ್ಪೀಡಣ್ಣ. ಹೊಸಬರು ಈ ಹೆಸರು ಕೇಳಿ ಅವನನ್ನು ನೋಡಿದರೆ ಬೇಸ್ತು ಬೀಳುತ್ತಿದ್ದರು. ನಡಿಗೆಯಲ್ಲಿ, ಊಟದಲ್ಲಿ, ಚಹಾ ಆರಿಸಿ ಕುಡಿಯುವುದರಲ್ಲಿ ಅವನಷ್ಟು ನಿಧಾನದವನು ಇನ್ನೊಬ್ಬನಿರಲಿಲ್ಲ. ವೇಗವೆಲ್ಲ ಇದ್ದದ್ದು ಅವನ ಕಿವಿಯಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಒಂದು ಜ್ವರ ಅವನ ಎರಡೂ ಕಣ್ಣುಗಳನ್ನು ತೆಗೆದುಕೊಂಡು ಹೋಗಿತ್ತು. ಹಾಗಾಗಿ ಅವನ ಕಂಪ್ಯೂಟರು ಪರದೆಯ ಮೇಲಿದ್ದುದನ್ನೆಲ್ಲ ಬಾಯಿಬಿಟ್ಟು ಓದುತ್ತಿತ್ತು. ಆ ಧ್ವನಿಯನ್ನು ಅವನು ಎಷ್ಟು ವೇಗವಾಗಿ ಓಡಿಸುತ್ತಿದ್ದನೆಂದರೆ, ಬೇರೆಯವರಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಅವನು ಮಾತ್ರ ತಲೆ ಒಂದಿಷ್ಟು ವಾಲಿಸಿ, "ಹೂಂ, ಹೂಂ, ಮುಂದೆ" ಅನ್ನುತ್ತಿದ್ದ.

ಅವನು ಕೆಲಸ ಮಾಡುತ್ತಿದ್ದದ್ದು ಧ್ವನಿ ಪುಸ್ತಕಾಲಯದಲ್ಲಿ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಮೂರು ಕೋಣೆಗಳು. ಒಂದರ ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಹೊಡೆದು ಸದ್ದು ಒಳಬರದಂತೆ ಮಾಡಿದ್ದರು. ಅಲ್ಲಿ ಕೂತು ಬಿಡುವಿದ್ದವರು ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣು ಕಾಣದವರು, ಕಣ್ಣಿದ್ದೂ ಅಕ್ಷರ ಕೂಡದ ಮುದುಕರು, ಹಾಸಿಗೆ ಹಿಡಿದವರು, ಹೀಗೆ ಮುನ್ನೂರು ಚಿಲ್ಲರೆ ಜನ ಬೆಳಗ್ಗೆ ಏಳರಿಂದ ಫೋನ್ ಮಾಡಿ ಆ ದಿನದ ಅಧ್ಯಾಯ ಕೇಳುತ್ತಿದ್ದರು. ಓದಿದ್ದನ್ನು ಕತ್ತರಿಸಿ, ಕೆಮ್ಮು, ಸೀನು, ಪುಟ ತಿರುಗಿಸುವ ಸದ್ದು ತೆಗೆದು, ಏಳರೊಳಗೆ ಫೋನಿನ ಸಾಲಿಗೆ ಏರಿಸುವುದು ಸ್ಪೀಡಣ್ಣನ ಕೆಲಸ. ಇದೆಲ್ಲ ನಡೆಯುತ್ತಿದ್ದದ್ದು ಮೂಲೆಯ ಮೇಜಿನ ಮೇಲಿದ್ದ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ. ಹನ್ನೆರಡು ವರ್ಷ ಒಂದು ದಿನವೂ ಅಧ್ಯಾಯ ತಪ್ಪಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ಎದೆಯಲ್ಲಿ ಮೊದಲ ಸಲ ನೋವು ಕಾಣಿಸಿಕೊಂಡಿತು. ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು, "ಇನ್ನು ಮೆಟ್ಟಿಲು ಹತ್ತಬೇಡಿ" ಎಂದರು.

"ಎಷ್ಟು ಮೆಟ್ಟಿಲು ತನಕ ಹತ್ತಬಹುದು ಡಾಕ್ಟ್ರೇ?"

"ಒಂದೂ ಬೇಡ."

"ಇರೋದೇ ಒಂದು. ಅದನ್ನೇ ನಲವತ್ತೊಂದು ಸಲ ಹತ್ತಬೇಕು, ಅಷ್ಟೇ."

ಡಾಕ್ಟರು ನಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯೂ ನಗಲಿಲ್ಲ. ಆಕೆ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ದಾರಿಯುದ್ದಕ್ಕೂ ಗಂಡನ ತೋಳು ಹಿಡಿದು ನಡೆಯುತ್ತ, "ಹತ್ತೋದಿದ್ರೆ ನನ್ನ ಹೆಗಲ ಮೇಲೆ ಹತ್ತಿ, ಮೆಟ್ಟಿಲು ಬೇಡ" ಎಂದು ಖಡಾಖಂಡಿತವಾಗಿ ಹೇಳಿದಳು.

ಕಂಪ್ಯೂಟರನ್ನು ಮನೆಗೆ ತರುವ ಹಾಗಿರಲಿಲ್ಲ. ಓದುವ ಕೋಣೆ, ಫೋನಿನ ತಂತಿಗಳು ಎಲ್ಲ ಅಲ್ಲೇ ಅದಕ್ಕೆ ಅಂಟಿಕೊಂಡಿದ್ದವು. ಉಳಿದದ್ದು ಒಂದೇ ದಾರಿ: ಮನೆಯಲ್ಲಿ ಕೂತು, ದೂರದಿಂದ ಆ ಕಂಪ್ಯೂಟರಿನೊಳಕ್ಕೆ ಹೋಗುವುದು. ಪುಸ್ತಕಾಲಯದ ಅಧ್ಯಕ್ಷೆ, ನಿವೃತ್ತ ರಸಾಯನಶಾಸ್ತ್ರದ ಟೀಚರು, ಎಲ್ಲರೂ ಮೇಡಂ ಅನ್ನುವವರು, ಇದಕ್ಕೆ ಒಪ್ಪಿದರು. ಸಮಿತಿ ಮಾತ್ರ ಒಂದು ಷರತ್ತು ಹಾಕಿತು. ಎರಡು ವಾರದೊಳಗೆ ಭದ್ರವಾದ ದಾರಿ ಸಿಕ್ಕರೆ ಕೆಲಸ ಸ್ಪೀಡಣ್ಣನದೇ. ಇಲ್ಲವಾದರೆ ಕಂಪ್ಯೂಟರಿನ ಹೊಣೆಯೆಲ್ಲ ಹೊರಗಿನ ಕಂಪನಿಗೆ. ಸ್ಪೀಡಣ್ಣ ಆರಾಮಾಗಿ ವಿಶ್ರಾಂತಿ ತೆಗೆದುಕೊಳ್ಳಬಹುದು.

"ವಿಶ್ರಾಂತಿ ಅಂದ್ರೆ ಏನು ಗೊತ್ತಾ?" ಎಂದು ಅವನು ಹೆಂಡತಿಗೆ ಹೇಳಿದ. "ದಿನವಿಡೀ ನಿನ್ನ ಹೊಲಿಗೆ ಮಿಷನ್ ಸದ್ದು ಕೇಳೋದು."

"ಅಯ್ಯೋ ಪಾಪ. ಇಪ್ಪತ್ತೆಂಟು ವರ್ಷದಿಂದ ನಾನು ನಿಮ್ಮ ಸಾಸಿವೆ ಸದ್ದು ಕೇಳ್ತಿಲ್ವಾ?"

ನಗುತ್ತಿದ್ದರೂ ಅವನಿಗೆ ಆ ವಾರ ಊಟ ಸೇರಲಿಲ್ಲ. ಆ ಮೂಲೆಯ ಮೇಜು ಕೈತಪ್ಪಿದರೆ ತಾನು ಬರೀ ಫೋನ್ ಮಾಡಿ ಕೇಳುವವರಲ್ಲಿ ಒಬ್ಬನಾಗಿ ಉಳಿಯುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಮಿತಿಯವರು ಒಬ್ಬ ಸಲಹೆಗಾರರನ್ನು ಕಳಿಸಿದರು. ಅವರು ಮನೆಯ ಹೊಸ್ತಿಲು ದಾಟುವ ಮೊದಲೇ ಅವರ ಬೂಟು ಕಿರ್ ಕಿರ್ ಎಂದು ಒಳಗೆ ಬಂದಿತು. ಅಂದಿನಿಂದ ಅವರಿಗೆ ಬೂಟು ಸಾಹೇಬರು ಎಂದೇ ಹೆಸರು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. ದೂರದ ಕಂಪ್ಯೂಟರಿನ ಇಡೀ ಪರದೆಯನ್ನೇ ಇಲ್ಲಿಗೆ ತಂದು ತೋರಿಸುವ ಒಂದು ವ್ಯವಸ್ಥೆಯನ್ನು ಅವರು ತಂದಿದ್ದರು. ಒಳಹೋಗಲು ಪಾಸ್‌ವರ್ಡ್ ಹಾಕಬೇಕು, ಜೊತೆಗೆ ಫೋನಿಗೆ ಬರುವ ಆರಂಕಿಯ ಕೋಡನ್ನೂ ಹಾಕಬೇಕು. ಕೋಡ್ ಅರ್ಧ ನಿಮಿಷಕ್ಕೆ ಸತ್ತುಹೋಗುತ್ತದೆ.

"ಸ್ವಲ್ಪ ಕಷ್ಟ ಆಗಬಹುದು, ನಿಧಾನಕ್ಕೆ ಮಾಡಿ ಸರ್" ಎಂದರು ಸಾಹೇಬರು.

ಫೋನು ಕೋಡನ್ನು ಒಮ್ಮೆ ಚರ್ರೆಂದು ಓದಿತು. ಸ್ಪೀಡಣ್ಣ ಆರಂಕಿ ಒತ್ತಿ ಮುಗಿಸಿ ಕೈ ಕಟ್ಟಿಕೊಂಡ. "ಇನ್ನೂ ಇಪ್ಪತ್ತು ಸೆಕೆಂಡ್ ಮಿಕ್ಕಿದೆ. ಅಷ್ಟರಲ್ಲಿ ಚಹಾ ತಗೊಳ್ತೀರಾ?"

ಸಾಹೇಬರು ಖುಷಿಯಾದರು. ಪರದೆಯ ಮೇಲೆ ಪುಸ್ತಕಾಲಯದ ಕಂಪ್ಯೂಟರು ಅಚ್ಚುಕಟ್ಟಾಗಿ ತೆರೆದುಕೊಂಡಿತು. "ನೋಡಿ ಸರ್, ಎಲ್ಲ ಇಲ್ಲೇ ಇದೆ!"

ಕೋಣೆಯಲ್ಲಿ ಸದ್ದಿಲ್ಲ. ಸ್ಪೀಡಣ್ಣ ಒಂದು ಕೀಲಿ ಒತ್ತಿದ, ಇನ್ನೊಂದು ಒತ್ತಿದ. ಅವನ ಕಂಪ್ಯೂಟರು, ಅಷ್ಟು ವಾಚಾಳಿ, ಬಾಯಿ ಹೊಲಿದುಕೊಂಡು ಕೂತಿತ್ತು. ಅಲ್ಲಿಂದ ಬರುತ್ತಿದ್ದದ್ದು ಬರೀ ಚಿತ್ರ. ಚಿತ್ರದೊಳಗಿನ ಅಕ್ಷರ ಅದಕ್ಕೆ ಅಕ್ಷರವಲ್ಲ, ಗೋಡೆಯ ಮೇಲಿನ ಕಲೆ ಇದ್ದಂತೆ.

"ಸಾಹೇಬ್ರೇ, ನೀವು ನನಗೆ ಫೋಟೋ ಕಳಿಸಿದ್ದೀರಿ."

ಸಾಹೇಬರು ಪರದೆಯತ್ತ ಬಗ್ಗಿದರು, ಬೂಟು ಕಿರ್ ಎಂದಿತು. "ಇದು ನನಗೆ ಹೊಳೀಲೇ ಇಲ್ಲ ಸರ್" ಎಂದರು.

"ಪರವಾಗಿಲ್ಲ. ನನಗೆ ಹಳೇ ದಾರಿ ಸಾಕು, ಬರೀ ಅಕ್ಷರ ಬರೋದು. ಎಸ್‌ಎಸ್‌ಎಚ್. ಹೋಗೋದೂ ಅಕ್ಷರ, ಬರೋದೂ ಅಕ್ಷರ, ಮಧ್ಯದಲ್ಲಿ ಯಾರು ಕದ್ದು ಕೇಳಿದರೂ ಅರ್ಥವಾಗದ ಗುಪ್ತಭಾಷೆ. ನಾನು ಕೇಳಿಸಿಕೊಂಡು ಕೆಲಸ ಮಾಡ್ತೀನಿ."

"ಅದು ಭದ್ರವೇ. ಆದರೆ ಪಾಸ್‌ವರ್ಡ್ ಒಂದನ್ನೇ ನಂಬಿ ಬಾಗಿಲು ತೆಗೆದರೆ ಸಮಿತಿಗೆ ನಾನು ಹೂಂ ಅನ್ನಲ್ಲ."

"ಯಾಕೆ ಅನ್ನಬೇಕು? ನಾನೂ ಅನ್ನಲ್ಲ."

ಹಾಗೆಂದವನು ಪರೀಕ್ಷೆಗೆಂದು ಒಂದು ದಿನ ಆ ಬಾಗಿಲನ್ನು ತೆರೆದಿಟ್ಟಿದ್ದ, ಹಳೆಯ ಪಾಸ್‌ವರ್ಡಿನೊಂದಿಗೇ. ಮಾರನೆಯ ದಿನ ಮೇಡಮ್ಮಿಗೆ ಫೋನ್ ಹಚ್ಚಿ, ಯಾರು ಯಾರು ಬಾಗಿಲು ಬಡಿದರು ಎಂಬ ದಾಖಲೆಯನ್ನು ಕಂಪ್ಯೂಟರಿನಿಂದಲೇ ಓದಿಸಿದ. ಅವರಿಗೆ ಅರ್ಥವಾಗಲೆಂದು ವೇಗ ಕಡಿಮೆ ಮಾಡಿದ್ದ. ರೂಟ್, ತಪ್ಪು ಪಾಸ್‌ವರ್ಡ್. ಅಡ್ಮಿನ್, ತಪ್ಪು ಪಾಸ್‌ವರ್ಡ್. ಟೆಸ್ಟ್, ತಪ್ಪು ಪಾಸ್‌ವರ್ಡ್. ಮತ್ತೆ ರೂಟ್.

"ಇವರೆಲ್ಲ ಯಾರು?" ಎಂದು ಮೇಡಂ ಗಾಬರಿಯಾದರು.

"ಜನ ಅಲ್ಲ ಮೇಡಂ, ಯಂತ್ರಗಳು. ಬೀದಿ ಬೀದಿ ತಿರುಗಿ ಎಲ್ಲರ ಮನೆ ಚಿಲಕ ಅಲ್ಲಾಡಿಸ್ತಾ ಹೋಗ್ತವೆ. ನಿನ್ನೆಯಿಂದ ನಮ್ಮದನ್ನ ನಾಲ್ಕು ಸಾವಿರ ಸಲ ಅಲ್ಲಾಡಿಸಿವೆ."

"ನಮ್ಮಲ್ಲಿ ಕದಿಯೋಕೆ ಏನಿದೆ? ಪುಸ್ತಕ ಕೇಳ್ಕೊಂಡು ಹೋಗ್ಲಿ ಬಿಡಿ."

"ಕೇಳೋಕೆ ಬಂದ್ರೆ ಚಹಾ ಕೊಟ್ಟು ಕೂರಿಸ್ತಿದ್ದೆ. ಅವು ನಮ್ಮ ಪುಸ್ತಕಕ್ಕೆಲ್ಲ ತಮ್ಮ ಬೀಗ ಹಾಕಿ, ನಮಗೇ ಮಾರೋಕೆ ಬರ್ತವೆ."

ಮೇಡಂ ತಕ್ಷಣ ಮುಚ್ಚಲು ಹೇಳಿದರು. ಸ್ಪೀಡಣ್ಣ ಮುಚ್ಚುವ ಬದಲು ಬೀಗ ಬದಲಾಯಿಸಲು ಕೂತ. ಪಾಸ್‌ವರ್ಡಿನ ಜಾಗಕ್ಕೆ ಕೀಲಿಕೈ. ಇದು ಕಂಪ್ಯೂಟರು ತಾನೇ ಹುಟ್ಟಿಸುವ ಜೋಡಿ. ಅದರ ಒಂದು ಭಾಗ ಅಲ್ಲಿ, ಪುಸ್ತಕಾಲಯದ ಕಂಪ್ಯೂಟರಿನಲ್ಲಿ ಇರುತ್ತದೆ. ಯಾರು ನೋಡಿದರೂ ಅದರಿಂದ ಉಪಯೋಗವಿಲ್ಲ. ಇನ್ನೊಂದು ಭಾಗ ನಮ್ಮ ಬಳಿಯೇ ಇರುತ್ತದೆ, ಅದನ್ನು ಯಾರಿಗೂ ಕೊಡುವಂತಿಲ್ಲ. ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ. ಊಹಿಸುವುದಕ್ಕೆ ಏನೂ ಇಲ್ಲ, ಹಾಗಾಗಿ ಚಿಲಕ ಅಲ್ಲಾಡಿಸುವ ಯಂತ್ರಗಳು ಎಷ್ಟು ಅಲ್ಲಾಡಿಸಿದರೂ ಅಷ್ಟೇ.

ಬೆಳಗ್ಗೆ ಹನ್ನೊಂದಕ್ಕೆ ಶುರುಮಾಡಿದ. ಕೀಲಿಕೈ ಹುಟ್ಟಿಸಿದ, ಒಂದು ಭಾಗವನ್ನು ಅಲ್ಲಿ ಇಟ್ಟ, "ಇನ್ನು ಮೇಲೆ ದೂರದಿಂದ ಬರುವವರ ಪಾಸ್‌ವರ್ಡ್ ನಡೆಯುವುದಿಲ್ಲ" ಎಂದು ಬರೆದ, ಹೊರಗೆ ಬಂದ. ಅಂಗೈಗೆ ಅಂಗೈ ಉಜ್ಜಿಕೊಂಡು ಮತ್ತೆ ಒಳಹೋಗಲು ನೋಡಿದ.

ಪ್ರವೇಶವಿಲ್ಲ, ಎಂದಿತು ಕಂಪ್ಯೂಟರು. ಇನ್ನೊಮ್ಮೆ. ಪ್ರವೇಶವಿಲ್ಲ.

ಒಳಗಿನಿಂದ ಅಗುಳಿ ಹಾಕಿ, ತಾನು ಬೀದಿಯಲ್ಲಿ ನಿಂತಿದ್ದ. ಹೊಸ ಕೀಲಿಕೈ ತಿರುಗುತ್ತದೆಯೇ ಎಂದು ನೋಡುವ ಮೊದಲೇ ಹಳೆಯದನ್ನು ಕೊಳಕ್ಕೆ ಎಸೆದಂತಾಗಿತ್ತು. ಬೇರೆಯವರು ಇದೇ ಕೆಲಸ ಮಾಡಿದ್ದರೆ ಅವನು ವಾರಗಟ್ಟಲೆ ಛೇಡಿಸುತ್ತಿದ್ದ. ಈಗ ಯಾರಾದರೂ ಆ ಕಂಪ್ಯೂಟರಿನ ಎದುರೇ ಕೂತು ಸರಿಮಾಡಬೇಕು. ಸಮಿತಿಯ ಸಭೆ ಮೂರು ದಿನಕ್ಕಿತ್ತು. ಬೂಟು ಸಾಹೇಬರನ್ನು ಕರೆದರೆ ಮಾನ ಹೋಗುತ್ತದೆ. ಅವನು ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದ.

ಹೊಲಿಗೆ ಮಿಷನ್ನು ನಿಂತಿತು. "ಎಲ್ಲಿಗೆ ಸವಾರಿ?"

"ಇಲ್ಲೇ... ಗಾಳಿಗೆ."

"ಗಾಳಿ ಎರಡನೇ ಮಹಡೀಲಿ ಚೆನ್ನಾಗಿರುತ್ತೆ ಅಲ್ವಾ? ಕೂತ್ಕೊಳ್ಳಿ ರೀ. ನಾನು ಹೋಗ್ತೀನಿ. ಏನು ಒತ್ತಬೇಕು ಹೇಳಿ."

"ನಿನಗೆ ಅದು..."

"ದಿನಾ ನೂರು ಗುಂಡಿ ಹಚ್ಚೋಳಿಗೆ ನಾಲ್ಕು ಗುಂಡಿ ಒತ್ತೋಕೆ ಬರಲ್ವಾ?"

ಅಳತೆಯ ಟೇಪು ಕುತ್ತಿಗೆಯಲ್ಲಿ ಹಾಗೆಯೇ ನೇತಾಡುತ್ತಿರಲು ಅವಳು ಹೊರಟಳು. ಅರ್ಧ ಗಂಟೆಗೆ ಫೋನ್ ಬಂತು. ಏದುಸಿರು. "ನಲವತ್ತೊಂದಲ್ಲ, ನಲವತ್ತೆರಡು. ಎಣಿಸಿದ್ದೀನಿ."

"ಮೊದಲನೇದು ಹೊಸ್ತಿಲು, ಅದು ಲೆಕ್ಕಕ್ಕಿಲ್ಲ. ಪಾಸ್‌ವರ್ಡ್ ಹೇಳ್ತೀನಿ. ಎದುರಿಗೆ ಕೂತವರಿಗೆ ಅದು ಇನ್ನೂ ನಡೆಯುತ್ತೆ. ಪಕ್ಕದಲ್ಲಿ ಯಾರಿದ್ದಾರೆ?"

"ನರ್ಸಕ್ಕ ಇದ್ದಾರೆ, ಓದೋಕೆ ಬಂದಿದ್ದಾರೆ."

"ಸ್ವಲ್ಪ ಆಚೆ ಇರೋಕೆ ಹೇಳು. ತಪ್ಪು ತಿಳ್ಕೋಬೇಡಿ ಅಂತಾನೂ ಹೇಳು."

ನಿವೃತ್ತ ನರ್ಸು ಗೊಣಗದೆ ಹೊರಗೆ ಹೋದರು. ಸ್ಪೀಡಣ್ಣ ಫೋನಿಗೆ ಕೈ ಅಡ್ಡ ಹಿಡಿದು, ದನಿ ತಗ್ಗಿಸಿ, ಒಂದೊಂದೇ ಅಕ್ಷರ ಶುರುಮಾಡಿದ. ಎರಡು ಅಕ್ಷರ ಆಗಿರಬೇಕು.

"ರೀ, ಯಾಕೆ ಪಿಸುಗುಡ್ತೀರಿ? ಇಲ್ಲೇ ಬರೆದು ಅಂಟಿಸಿದ್ದಾರಲ್ಲ."

"ಎಲ್ಲಿ?"

"ಪರದೆ ಹಣೆ ಮೇಲೆ. ಹಳದಿ ಚೀಟಿ. ದಪ್ಪಕ್ಷರ. ಕೆಳಗೆ 'ದಯವಿಟ್ಟು ಕೀಳಬೇಡಿ' ಅಂತಾನೂ ಇದೆ."

ಸ್ಪೀಡಣ್ಣ ಫೋನಿಗೆ ಅಡ್ಡ ಹಿಡಿದಿದ್ದ ಕೈ ತೆಗೆದ. ಆ ಮೇಜಿನ ಕೀಲಿಮಣೆ, ಧ್ವನಿಪೆಟ್ಟಿಗೆ, ತಂತಿ ಎಲ್ಲವೂ ಅವನ ಬೆರಳಿಗೆ ಗೊತ್ತಿದ್ದವು. ಪರದೆಯನ್ನು ಮಾತ್ರ ಅವನು ಎಂದೂ ಮುಟ್ಟಿರಲಿಲ್ಲ, ಅದರಿಂದ ಅವನಿಗೇನು ಆಗಬೇಕು? ಪುಸ್ತಕಾಲಯದ ಗುಟ್ಟು ಗೊತ್ತಿದ್ದವನು ತಾನೊಬ್ಬನೇ ಎಂದು ಅವನು ತಿಳಿದಿದ್ದ. ನಿಜವಾಗಿ ನೋಡಿದರೆ ಅದನ್ನು ಓದಲಾಗದವನು ಅವನೊಬ್ಬನೇ.

ನರ್ಸಕ್ಕ ಬಾಗಿಲಾಚೆಯಿಂದಲೇ ಕೂಗಿದರು. "ಮೂರು ವರ್ಷದ ಹಿಂದೆ ನಾನೇ ಅಂಟಿಸಿದ್ದು! ನೀವು ರಜೆ ಹಾಕಿದ್ದಾಗ ಫೋನಲ್ಲಿ ಹೇಳಿದ್ರಲ್ಲ, ಮರೆತುಹೋಗುತ್ತೆ ಅಂತ ಬರೆದಿಟ್ಟೆ. ನೀವು ನೋಡಿರಲಿಲ್ವಾ?" ಆಮೇಲೆ ತಾವು ಕೇಳಿದ್ದೇನೆಂದು ಹೊಳೆದು, "ಅಯ್ಯಯ್ಯೋ" ಎಂದರು.

ಸ್ಪೀಡಣ್ಣ ನಗಲು ಶುರುಮಾಡಿದ. ಎದೆಗೆ ಕೈ ಒತ್ತಿಕೊಂಡು ನಕ್ಕ. "ಮೆಲ್ಲಗೆ ನಗ್ರೀ, ಡಾಕ್ಟರು ಬೈತಾರೆ" ಎಂದು ಅತ್ತ ಹೆಂಡತಿ ಗದರಿದಳು, ಅವಳೂ ನಗುತ್ತಿದ್ದಳು.

ಆಮೇಲೆ ಕೆಲಸ ಬೇಗ ಆಯಿತು. ಅವಳು ಫೋನನ್ನು ಧ್ವನಿಪೆಟ್ಟಿಗೆಗೆ ಒತ್ತಿ ಹಿಡಿದಳು, ಅವನು ಒಂದೊಂದು ಅಕ್ಷರ ಹೇಳಿದ, ಅವಳು ಒತ್ತಿದಳು, ಅಲ್ಲಿನ ಸಾಸಿವೆ ಸಿಡಿದದ್ದನ್ನು ಅವನು ಇಲ್ಲಿ ಕೇಳಿಸಿಕೊಂಡ. ದಾಖಲೆಯ ಒಂದು ಸಾಲಿಗೆ, "ನಿಲ್ಲು, ನಿಲ್ಲು" ಎಂದ.

"ಏನಂತೆ ಅದು?"

"ನನ್ನನ್ನೇ ಬೈತಿದೆ. ಎಲ್ಲರೂ ಓದಿದ್ದನ್ನ ತಂದು ಹಾಕಲಿ ಅಂತ ನನ್ನ ಫೋಲ್ಡರನ್ನ ಊರಿಗೆಲ್ಲ ತೆರೆದಿಟ್ಟಿದ್ದೀನಲ್ಲ. ಯಾರು ಬೇಕಾದರೂ ಒಳಗೆ ಕೈ ಹಾಕೋ ಮನೇಲಿ ಇಟ್ಟ ಕೀಲಿಕೈನ ನಾನು ನಂಬಲ್ಲ ಅಂತಿದೆ."

"ಸರಿಯಾಗೇ ಹೇಳ್ತಿದೆ. ನಾನೂ ಅದನ್ನೇ ಹೇಳಿದ್ದಿದ್ರೆ ಕೇಳ್ತಿದ್ರಾ?"

ಓದಿದ್ದನ್ನು ಹಾಕಲು ಬೇರೆ ಫೋಲ್ಡರು ಮಾಡಿ, ಅವನದನ್ನು ಮುಚ್ಚಿದರು. ಒಂದೇ ಸಾಲಿನ ಆದೇಶ. ಮನೆಯಿಂದ ಸ್ಪೀಡಣ್ಣ ಮತ್ತೆ ಬಾಗಿಲು ತಟ್ಟಿದ, ತೆರೆಯಿತು. ಅಂದಿನಿಂದ ಅವನು ಹೊಸ ದಾರಿ ನಡೆದು ನೋಡುವ ತನಕ ಹಳೆಯ ಕಿಟಕಿಯನ್ನು ಮುಚ್ಚಲಿಲ್ಲ, ಎಂಥ ಸಣ್ಣ ಬದಲಾವಣೆಯಾದರೂ.

ಆದರೆ ಆ ಹಳದಿ ಚೀಟಿ ಅವನನ್ನು ಯೋಚನೆಗೆ ಹಚ್ಚಿತು. ಸಂಜೆ ಬೂಟು ಸಾಹೇಬರಿಗೆ ಫೋನ್ ಮಾಡಿ, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ. "ಸಾಹೇಬ್ರೇ, ನಮ್ಮದು ಗಟ್ಟಿಯಾಗಿ ಓದಿ ಹೇಳೋ ಜನರ ಮನೆ. ಕೈಗೆ ಕಾಗದ ಸಿಕ್ಕರೆ ಓದ್ತಾರೆ, ಯಾರಾದರೂ ಕೇಳಿದರೆ ಇನ್ನೊಮ್ಮೆ ಓದ್ತಾರೆ. ಅದೇ ನಮ್ಮ ಕಸುಬು. ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಇಲ್ಲಿ ಉಳಿಯಲ್ಲ. ನಿಮ್ಮ ಆರಂಕಿ ಕೋಡೂ ಅಷ್ಟೇ, ಯಾವನಾದರೂ ಫೋನ್ ಮಾಡಿ 'ಬ್ಯಾಂಕಿಂದ, ಸ್ವಲ್ಪ ಓದಿ ಅಕ್ಕ' ಅಂದ್ರೆ ನಮ್ಮ ನರ್ಸಕ್ಕ ಸ್ಪಷ್ಟವಾಗಿ, ವಿರಾಮ ಕೊಟ್ಟು ಓದ್ತಾರೆ. ನಮಗೆ ಓದೋಕೇ ಬಾರದ್ದು ಬೇಕು."

ಸಾಹೇಬರಿಗೆ ಮಾತು ಹಿಡಿಸಿತು. ಅವರೇ ಹುಡುಕಿ ಎರಡು ಪುಟ್ಟ ತುಂಡುಗಳನ್ನು ತರಿಸಿಕೊಟ್ಟರು. ಉಗುರಿನಷ್ಟಗಲ, ಕಂಪ್ಯೂಟರಿಗೆ ಚುಚ್ಚುವಂಥವು. ಕೀಲಿಕೈಯ ಗುಟ್ಟು ಅದರೊಳಗೇ ಹುಟ್ಟಿ ಅಲ್ಲೇ ಇರುತ್ತದೆ, ಹೊರಗೆ ತೆಗೆಯಲು ಬರುವುದಿಲ್ಲ. ಒಳಹೋಗುವಾಗ ಬೆರಳಿನಿಂದ ಒಮ್ಮೆ ಮುಟ್ಟಬೇಕು. ಮುಟ್ಟುವ ಹೊತ್ತಾಯಿತೆಂದು ಅದು ಸದ್ದಿಲ್ಲದೆ ದೀಪ ಮಿಟುಕಿಸುತ್ತದೆ ಎಂದು ಸಾಹೇಬರು ಹೇಳಿ, ಅಷ್ಟರಲ್ಲೇ ನಾಲಿಗೆ ಕಚ್ಚಿಕೊಂಡರು. ಸ್ಪೀಡಣ್ಣ ಕೈ ಬೀಸಿದ. 'ಈಗ ಮುಟ್ಟು' ಎಂಬ ಸಾಲು ಪರದೆಯ ಮೇಲೂ ಬರುತ್ತಿತ್ತು, ಅವನ ಕಂಪ್ಯೂಟರು ಅದನ್ನು ಆಗಲೇ ಓದಿ ಮುಗಿಸಿತ್ತು. ಒಂದು ತುಂಡಿಗೆ ಹೆಂಡತಿ ಗಟ್ಟಿ ದಾರ ಹೊಸೆದು ಅವನ ಕತ್ತಿಗೆ ಹಾಕಿದಳು. ಇನ್ನೊಂದು, ಮೊದಲನೆಯದು ಕಳೆದರೆ ಇರಲಿ ಎಂದು, ಮೇಡಮ್ಮಿನ ಕಬ್ಬಿಣದ ಬೀರು ಸೇರಿತು.

ಸಭೆಯ ದಿನ ಸಮಿತಿಯ ಆರು ಜನ ಹಾಸಿಗೆ ಹೊಡೆದ ಕೋಣೆಯಲ್ಲಿ ಕೂತರು. ಬೂಟು ಸಾಹೇಬರು ತಮ್ಮ ಕಂಪ್ಯೂಟರಿನಿಂದ, ಹಳದಿ ಚೀಟಿಯ ಪಾಸ್‌ವರ್ಡನ್ನೇ ಹಾಕಿ ಒಳಹೋಗಲು ನೋಡಿದರು. ಬಾಗಿಲು ತೆರೆಯಲಿಲ್ಲ. ಕಂಪ್ಯೂಟರಿನ ಒಡೆಯನ ಹೆಸರಾದ ರೂಟ್ ಎಂದು ಹೋದರು, ತೆರೆಯಲಿಲ್ಲ. ಹಟ ಹಿಡಿದು ಮತ್ತೆ ಮತ್ತೆ ಬಡಿದಾಗ ಕಂಪ್ಯೂಟರು ಅವರ ಕಂಪ್ಯೂಟರಿನ ವಿಳಾಸವನ್ನೇ ಒಂದು ಗಂಟೆಯ ತನಕ ದೂರ ಇಟ್ಟಿತು. ಇದು ಅವರೇ ಕೊಟ್ಟಿದ್ದ ಸಲಹೆ.

"ಸರಿ, ಇವರು ಹೋಗಲಿಲ್ಲ. ಅವರು ಹೋಗ್ತಾರೆ ಅಂತ ಹೇಗೆ ಗೊತ್ತಾಗಬೇಕು?" ಎಂದು ಒಬ್ಬರು ಕೇಳಿದರು.

ಮೂಲೆಯ ಕಂಪ್ಯೂಟರು ಇದ್ದಕ್ಕಿದ್ದಂತೆ ಸಿಡಿಯಿತು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಮತ್ತೆ ಅದೇ ಮಾತು, ಈ ಸಲ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಬಂತು: "ನಾನು ಒಳಗಿದ್ದೇನೆ. ಚಹಾ ಆಗಿದ್ದರೆ ಸಭೆ ಮುಂದುವರಿಸಿ."

ಮನೆಯಲ್ಲಿ ಕೂತು ಅದನ್ನು ಬರೆದು ಕಳಿಸಿದ್ದ ಸ್ಪೀಡಣ್ಣನಿಗೆ ಆ ಕೋಣೆಯ ನಗು ಕೇಳಿಸಲಿಲ್ಲ. ಮೇಡಂ ಆಮೇಲೆ ಫೋನಿನಲ್ಲಿ, "ಕೆಲಸ ನಿಮ್ಮದೇ ಕಣ್ರೀ" ಎಂದರು. ಅಂದು ಮಧ್ಯಾಹ್ನ ಅವನು ಎರಡು ಸಲ ಬಡಿಸಿಕೊಂಡು ಉಂಡ ಎಂದು ಹೆಂಡತಿ ನೆನೆಯುತ್ತಾಳೆ.

ಎರಡು ವರ್ಷ ಹಾಗೆ ನಡೆಯಿತು. ಒಂದು ಕೋಣೆಯಲ್ಲಿ ಹೊಲಿಗೆ, ಇನ್ನೊಂದರಲ್ಲಿ ಸಾಸಿವೆ. ಮೂವತ್ತಾರು ಪುಸ್ತಕಗಳು ಫೋನಿನ ಸಾಲಿಗೆ ಏರಿದವು. ಒಂದು ದಿನವೂ ತಪ್ಪಲಿಲ್ಲ.

ಕಂಪ್ಯೂಟರಿನ ದಾಖಲೆಯಲ್ಲಿ ಕಳೆದ ಮಂಗಳವಾರದ್ದೂ ಇದೆ. ಆರು ಗಂಟೆ ಎಂಟು ನಿಮಿಷಕ್ಕೆ ಸ್ಪೀಡಣ್ಣ ಒಳಹೋಗಿದ್ದಾನೆ. ನರ್ಸಕ್ಕ ಓದಿದ ಹದಿನೆಂಟನೆಯ ಅಧ್ಯಾಯದಿಂದ ಎರಡು ಕೆಮ್ಮು, ಒಂದು ಲೋಟದ ಸದ್ದು ತೆಗೆದಿದ್ದಾನೆ. ನಡುವೆ ಒಂದು ಕಡೆ, ಕಥೆಯ ಹುಚ್ಚಾಟಕ್ಕೆ ಅವರಿಗೆ ನಗು ತಡೆಯಲಾಗದೆ, ಓದು ನಿಂತುಹೋಗಿತ್ತು. ಅವರಿಗೆಂದು ಒಂದು ಚೀಟಿ ಬರೆದಿಟ್ಟಿದ್ದಾನೆ: "ಅಕ್ಕಾ, ನೀವು ನಕ್ಕದ್ದನ್ನು ಕತ್ತರಿಸಿಲ್ಲ. ಕೇಳುವವರೂ ಅಲ್ಲೇ ನಗುತ್ತಾರೆ." ಆರು ಐವತ್ತೆರಡಕ್ಕೆ ಅಧ್ಯಾಯ ಏರಿಸಿ ಹೊರಗೆ ಬಂದಿದ್ದಾನೆ.

ಏಳಕ್ಕೆ ಅವನು ಎಲ್ಲ ಕೇಳುಗರಂತೆ ಪುಸ್ತಕಾಲಯಕ್ಕೆ ಫೋನ್ ಮಾಡಿ ಕಿವಿಗೆ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಜೋರಾಗಿ ನಕ್ಕ. ಹೆಂಡತಿ ಮುಂದಿನ ಕೋಣೆಯಿಂದ ಮಿಷನ್ ನಿಲ್ಲಿಸಿ, "ಏನ್ರೀ?" ಎಂದು ಕೇಳಿದಳು.

"ಶ್, ಸುಮ್ನಿರು. ಕೇಳ್ತಿದ್ದೀನಿ" ಎಂದ.